ಯುಗಾದಿಗೆ ಬರಬೇಕಿದ್ದ ಧ್ವನಿ

ಸೊಕ್ಕೆ,
೧೭ ಆಗಸ್ಟ್ ೨೦೨೫

ಪ್ರೀತಿಯ ಪುಷ್ಪಾ,

ಕಾಗದ ನೋಡಿ ಗಾಬರಿಯಾಗಬೇಡ, ಇಲ್ಲಿ ಎಲ್ಲರೂ ಬದುಕಿದ್ದೇವೆ. ಕೈಯಲ್ಲಿ ಫೋನಿಟ್ಟುಕೊಂಡು ಹೊನ್ನಾಳಿಗೆ ಕಾಗದ ಬರೆಯುವವಳು ಈ ಕಾಲದಲ್ಲಿ ನಾನೊಬ್ಬಳೇ ಇರಬೇಕು. ಪೋಸ್ಟ್‌ಮ್ಯಾನ್ ನಿನ್ನ ಸಂಗೀತದ ಕ್ಲಾಸಿನ ಮಕ್ಕಳ ಎದುರಿಗೆ ಇದನ್ನು ಕೊಟ್ಟರೆ ಸ್ವಲ್ಪ ಗತ್ತಿನಿಂದಲೇ ತೆಗೆದುಕೋ.

ನಿನ್ನ ವಾಯ್ಸ್ ಮೆಸೇಜುಗಳನ್ನೆಲ್ಲ ಕೇಳಿದ್ದೇನೆ. ನಮ್ಮ ‘ಬಬಲ್‌ಗಮ್ ಬೀಟ್’ ಆಲ್ಬಮ್ಮನ್ನು ಮತ್ತೆ ರೆಕಾರ್ಡ್ ಮಾಡುತ್ತೀಯಂತೆ, ದಾವಣಗೆರೆಯಲ್ಲಿ ಸ್ಟುಡಿಯೋ ಕೂಡ ಗೊತ್ತು ಮಾಡಿದ್ದೀಯಂತೆ. ನೀನು ಗಿಟಾರ್ ಬಾರಿಸಬೇಕು, ನಾನು ಹಾಡಬೇಕು. ನನಗಾಗದಿದ್ದರೆ ನಿನ್ನ ಶಿಷ್ಯೆ ಪೂಜಾ ಹಾಡುತ್ತಾಳೆ, ಹೂಂ ಅನ್ನು ಅಂತ ಕೇಳಿದ್ದೀಯ. ನಾನು ಪ್ರತಿಸಲ ಹೆಬ್ಬೆಟ್ಟಿನ ಚಿತ್ರ ಕಳಿಸಿ ಸುಮ್ಮನಾದೆ. ನಿನ್ನ ಫೋನನ್ನೂ ಎತ್ತಲಿಲ್ಲ. ಕೊನೆಯ ಮೆಸೇಜಿನಲ್ಲಿ, ‘ಅಂಬಿ, ಇಷ್ಟು ಧಿಮಾಕು ಯಾವಾಗ ಬಂತೇ ನಿಂಗೆ’ ಎಂದಿದ್ದೀಯ.

ಹಾಡಲು ಬರುವುದಕ್ಕಾಗುವುದಿಲ್ಲ ಕಣೇ. ಶೇಂಗಾದಲ್ಲಿ ಕಳೆ ಎದ್ದಿದೆ. ಎರಡು ಕುರಿ ಕಾಲೆಳೆಯುತ್ತಿವೆ. ಇವರೊಬ್ಬರ ಕೈಲಿ ಎಲ್ಲ ಆಗುವುದಿಲ್ಲ. ಇಷ್ಟು ಬರೆದು ಕಾಗದ ಮಡಚಬೇಕೆಂದಿದ್ದೆ. ನಿನಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ, ಕೈ ಬರಲಿಲ್ಲ.

ಜಗಳೂರಿನಲ್ಲಿ ನಾವು ಪಿಯುಸಿ ಓದುವಾಗ ಬಸ್‌ಸ್ಟ್ಯಾಂಡಿನ ಕ್ಯಾಸೆಟ್ ಅಂಗಡಿಯ ಜಂಪಣ್ಣನಿಗೆ ‘ಬ್ರೇಕಿಲ್ಲದ ಸೈಕಲ್ಲು’ ಹಾಡಿ ತೋರಿಸಿದ್ದು ನಿನಗೆ ನೆನಪಿದೆಯಾ? ಪಾಪ, ಪೂರ್ತಿ ಕೇಳಿ, ‘ಇದರಾಗೆ ಅರ್ಥ ಏನೈತಮ್ಮ?’ ಅಂದ. ನೀನು, ‘ಅರ್ಥ ಬಿಡಣ್ಣ, ಕಾಲು ಸುಮ್ಕಿರ್ತಾವಾ ನೋಡು’ ಅಂದೆ. ಅವನ ಕಾಲು ಆಗಲೇ ಕುಣಿಯುತ್ತಿತ್ತು. ‘ಬಬಲ್‌ಗಮ್ ಬೀಟ್’ ಕ್ಯಾಸೆಟ್ಟನ್ನು ಅವನೇ ಹೊರತಂದ. ಡ್ರಮ್ಮು, ಗಿಟಾರು, ಎಲ್ಲದರ ಮೇಲೆ ನನ್ನ ‘ಲಲ್ಲಲ್ಲಾ’. ಪ್ರೀತಿ ಗೊತ್ತಿಲ್ಲದೆ ಪ್ರೀತಿಯ ಹಾಡು ಹಾಡಿದೆವು, ಸಮುದ್ರ ನೋಡದೆ ಸಮುದ್ರದ ಹಾಡು ಹಾಡಿದೆವು. ಆಮೇಲೆ ನನಗೆ ಎಷ್ಟೋ ಸುಖ ಸಿಕ್ಕಿದೆ, ಇಲ್ಲ ಅನ್ನುವುದಿಲ್ಲ. ಆದರೆ ಅಷ್ಟು ಖುಷಿ ಮತ್ತೆ ಆಗಲಿಲ್ಲ.

ಈಗ ನಿಜ ಹೇಳುತ್ತೇನೆ, ಕೂತು ಓದು. ಶೇಂಗಾ ಮಷಿನ್ನಿಗೆ ಹಾಕುವ ಕಾಲದಲ್ಲಿ ಆ ಧೂಳಿಗೆ ನಮ್ಮೂರಿನಲ್ಲಿ ಅರ್ಧ ಜನಕ್ಕೆ ಗಂಟಲು ಕಟ್ಟುತ್ತದೆ. ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ಮೆಣಸಿನ ಕಷಾಯ ಕುಡಿಯುತ್ತೇವೆ, ಯುಗಾದಿ ಹೊತ್ತಿಗೆ ಧ್ವನಿ ಬಂದಿರುತ್ತದೆ. ಹೋದ ವರ್ಷ ನನಗೂ ಹಾಗೆಯೇ ಕಟ್ಟಿತು. ನಮ್ಮತ್ತೆ ಕರಿಯಕ್ಕನವರು ಕಷಾಯ ಕಾಸಿಕೊಟ್ಟರು. ನಾನು ಅದೇ ಗಂಟಲಲ್ಲಿ ಕುರಿಗಳನ್ನು ಕೂಗಿ ಕರೆಯುತ್ತಾ, ಕಷಾಯ ಕುಡಿಯುತ್ತಾ ಯುಗಾದಿ ಕಾದೆ. ಯುಗಾದಿ ಬಂತು, ಹೋಯಿತು. ದಾವಣಗೆರೆಯ ಡಾಕ್ಟರು ನೋಡಿ, ಇದು ಧೂಳಲ್ಲ, ಗಂಟಲೊಳಗೆ ಗಂಟು, ಮೊದಲೇ ಬರಬೇಕಿತ್ತು ಅಂದರು. ಆಪರೇಷನ್ ಆಯಿತು. ಗಂಟು ಕೆಟ್ಟದ್ದಲ್ಲವಂತೆ, ಜೀವಕ್ಕೆ ಭಯವಿಲ್ಲ. ಆದರೆ ಧ್ವನಿಯ ನರ ಸೋತುಹೋಗಿದೆ. ಈಗ ಮಾತಾಡಿದರೆ ಪಕ್ಕದಲ್ಲಿ ಕೂತವರಿಗಷ್ಟೇ ಕೇಳುತ್ತದೆ, ಅದೂ ಗೊರಗೊರ.

ಮನೆಗೆ ಬಂದ ದಿನ ಇವರು, ‘ಹಾಡಾಕೆ ಆಗ್ದಿದ್ರೆ ಹೋಗ್ಲಿ ಬಿಡು, ನನ್ನ ಬೈಯಾಕಾದ್ರೂ ಬರ್ತೈತಲ್ಲ’ ಅಂದರು. ನಗು ಬಂತು, ಅಳುವೂ ಬಂತು. ಉಚ್ಚಂಗೆಪ್ಪನಂಥ ಗಂಡನನ್ನು ಎಷ್ಟು ಬೈದರೂ ಸಾಲದು ಬಿಡು.

ಬಿಳಿಚೋಡು ಕಡೆಯ ಬಸ್ಸಿನ ಡ್ರೈವರ್ ಬೋರಣ್ಣ ನಮ್ಮ ಹಾಡುಗಳನ್ನು ಫೋನಿಗೆ ಹಾಕಿಸಿಕೊಂಡಿದ್ದಾನೆ. ನಾನು ಹತ್ತಿದರೆ ಸಾಕು, ಹಚ್ಚಿಬಿಡುತ್ತಾನೆ. ಮೊನ್ನೆ ಕನ್ನಡಿಯಲ್ಲಿ ನೋಡುತ್ತಾ, ‘ಅಕ್ಕಾರೆ, ಒಂದು ಸಾಲು ನೀವೂ ಅನ್ರಿ’ ಅಂದ. ಬಸ್ಸಿನ ತುಂಬ ಜನ ನನ್ನ ಬಾಯಿಯನ್ನೇ ನೋಡಿದರು. ನಾನು ಕಿಟಕಿಯ ಕಡೆ ತಿರುಗಿ ಕೂತೆ. ಹಿಂದಿನ ಸೀಟಿನ ಹೆಂಗಸು ನನ್ನ ಜಂಬದ ಬಗ್ಗೆ ಏನೋ ಅಂದಳು. ಆ ಫೋನಿನಲ್ಲಿ ಅಂದಿನ ಪಿಯುಸಿ ಹುಡುಗಿ ಅಂಬಿ ಗಂಟಲು ಹರಿಯುವ ಹಾಗೆ ಹಾಡುತ್ತಿದ್ದಳು, ಪುಷ್ಪಾ. ಅವಳ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು.

ಒಂದು ಮಾತು ನನ್ನನ್ನು ತಿನ್ನುತ್ತಿದೆ. ಹಿಂದೆ ನೀನು ಎಷ್ಟೋ ಸಲ ಕರೆದೆ, ಬಾರೇ, ಇನ್ನೊಂದು ಆಲ್ಬಮ್ ಮಾಡೋಣ ಅಂತ. ಮದುವೆಯಾಗಲಿ ಅಂದೆ, ಮಕ್ಕಳು ದೊಡ್ಡವರಾಗಲಿ ಅಂದೆ. ಧ್ವನಿ ಎಲ್ಲಿಗೆ ಹೋಗುತ್ತದೆ ಅಂದುಕೊಂಡಿದ್ದೆ. ಮನೆಯ ಹಿಟ್ಟಿನ ಡಬ್ಬಿಯಂತೆ ಅದು ಇಟ್ಟಲ್ಲೇ ಇರುತ್ತದೆ ಅಂತ ನಂಬಿದ್ದೆ.

ಪೂಜಾ ಹಾಡಲಿ. ನನಗೇನೂ ಬೇಜಾರಿಲ್ಲ. ಅವಳಿಗೆ ನನ್ನ ಹಾಗೆ ಹಾಡು ಅಂತ ಹೇಳಬೇಡ, ಅವಳ ಹಾಗೇ ಹಾಡಲಿ. ನನ್ನ ಗಂಟಲಿನ ವಿಷಯ ಅವಳಿಗೆ ಹೇಳಲೂ ಬೇಡ, ಹಾಡುವಾಗ ಮುಖ ಸಪ್ಪೆ ಮಾಡಿಕೊಂಡಾಳು. ಆ ಹಾಡುಗಳು ಸಪ್ಪೆ ಮುಖಕ್ಕೆ ಬರೆದವಲ್ಲ.

ಧಿಮಾಕಿಲ್ಲದ, ನಿನ್ನ
ಅಂಬಿಕಾ

ತಾ.ಕ.: ಬೇಜಾರಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ಇವತ್ತು ಹೊಲದಲ್ಲಿ ಯಾರೂ ಇಲ್ಲದಾಗ ಹಾಡಿ ನೋಡಿದೆ. ಗಾಳಿಯಷ್ಟೇ ಬಂತು. ತುಂಬಾ ಅತ್ತೆ. ಆಮೇಲೆ ಪಲ್ಲವಿ ಮನಸ್ಸಿನಲ್ಲೇ ಮುಂದುವರಿಯಿತು, ಕೈ ಅದಕ್ಕೆ ತಕ್ಕಂತೆ ಚಪ್ಪಾಳೆ ತಟ್ಟುತ್ತಿತ್ತು. ರೆಕಾರ್ಡಿಂಗ್ ಯಾವತ್ತು ಅಂತ ಬರೆ, ಬರುತ್ತೇನೆ. ಹಾಡಿನ ಮಧ್ಯೆ ಚಪ್ಪಾಳೆ ಹೊಡೆಯುವವರು ಬೇಕಲ್ಲ, ಆ ಕೆಲಸ ಬೇರೆ ಯಾರಿಗೂ ಕೊಡಬೇಡ.