ಅತ್ತೆಯ ರೊಟ್ಟಿಗೆ ನಿಮ್ಮ ಕಾರಿನ ಸದ್ದು ಬೇಕು

ಮಾವ,

ನಿಮ್ಮ ಮೇಲೆ ನನಗೆ ಸಿಟ್ಟಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆಸ್ಪತ್ರೆಯ ಮಂಚದ ಮೇಲೆ ಮಲಗಿಕೊಂಡೇ ಕಾರನ್ನು ಆಗಾಗ ಚಾಲೂ ಮಾಡು, ಟೈರಿನ ಗಾಳಿ ನೋಡು, ಮಳೆಗಾಲದಲ್ಲಿ ಒದ್ದೆ ಕವರ್ ಹೊದಿಸಬೇಡ, ತುಕ್ಕು ಹಿಡಿಯುತ್ತದೆ ಎಂದೆಲ್ಲ ಹೇಳಿದಿರಿ. ಅತ್ತೆಗೆ ಹೇಗೆ ಊಟ ಮಾಡಿಸಬೇಕು ಎಂದು ಮಾತ್ರ ಒಂದು ಮಾತೂ ಹೇಳಲಿಲ್ಲ. ಹೇಳಬೇಕೆಂದು ನಿಮಗೆ ಹೊಳೆದಿರಲಿಕ್ಕೂ ಇಲ್ಲ. ನೀವಿರುವಾಗ ಅವರು ಊಟ ಬಿಟ್ಟವರೇ ಅಲ್ಲವಲ್ಲ. ನೀವು ಬಂದಿರಿ, ನೀವು ಉಂಡಿರಿ, ಆಮೇಲೆ ಅವರು ಉಂಡರು.

ನಾನು ಸೊಸೆಯಾಗಿ ಬಂದ ಹೊಸದರಲ್ಲಿ ಅಡುಗೆಮನೆಯಲ್ಲಿ ನೋಡಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಪಲ್ಯ ಆಗಿರುತ್ತಿತ್ತು, ಶೇಂಗಾ ಚಟ್ನಿ ಆಗಿರುತ್ತಿತ್ತು, ಜೋಳದ ಹಿಟ್ಟಿನ ಉಂಡೆಯೂ ತಯಾರು. ಅತ್ತೆ ಮಾತ್ರ ಕೈಕಟ್ಟಿ ನಿಂತಿರುತ್ತಿದ್ದರು. ಇದ್ದಕ್ಕಿದ್ದಂತೆ ಕತ್ತು ಓರೆ ಮಾಡಿ, “ಬಂದ್ರು ನೋಡು” ಎಂದು ಒಲೆಯ ಮೇಲೆ ಹಂಚಿಡುತ್ತಿದ್ದರು. ನೀವು ಕೆಳಗೆ ಕಾರು ನಿಲ್ಲಿಸಿ, ಮೇಲೆ ಬಂದು, ಕೈಕಾಲು ತೊಳೆದು ವಿಭೂತಿ ಹಚ್ಚಿಕೊಳ್ಳುವಷ್ಟರಲ್ಲಿ ಉಬ್ಬಿದ ರೊಟ್ಟಿ ನಿಮ್ಮ ತಟ್ಟೆಯಲ್ಲಿ. ಒಮ್ಮೆ ನಾನು ಸಹಾಯ ಮಾಡಲು ಹೋಗಿ ಮೊದಲೇ ಎರಡು ರೊಟ್ಟಿ ಬಡಿದುಬಿಟ್ಟೆ. “ಇವನ್ನ ನೀನೇ ತಿನ್ನವ್ವ, ಅವ್ರಿಗೆ ಆರಿದ್ದು ಹಾಕಲ್ಲ ನಾನು” ಎಂದರು. ಅವರು ನಕ್ಕುಕೊಂಡೇ ಹೇಳಿದರು, ಆದರೆ ಮತ್ತೆ ನಾನು ಆ ಹಂಚಿನ ತಂಟೆಗೆ ಹೋಗಲಿಲ್ಲ.

ಆ ಕಾರಿನದೇನು ಕಡಿಮೆ ಕಥೆಯೇ? ಪೀಣ್ಯದಲ್ಲಿ ಲೇತ್ ಶಾಪ್ ಇಟ್ಟುಕೊಂಡ ದಾವಣಗೆರೆಯ ಮನುಷ್ಯ, ತಲೆಯೆಲ್ಲ ನರೆತ ಮೇಲೆ, ಎರಡೇ ಬಾಗಿಲಿನ, ನೆಲಕ್ಕೆ ಅಂಟಿದಂತಿದ್ದ ಹಳೆಯ ಕೆಂಪು ಸ್ಪೋರ್ಟ್ಸ್ ಕಾರನ್ನು ಸೆಕೆಂಡ್ ಹ್ಯಾಂಡ್ ಆಗಿ ತಂದು ನಿಲ್ಲಿಸಿದಾಗ ಅಪಾರ್ಟ್‌ಮೆಂಟಿನ ಹುಡುಗರೆಲ್ಲ ಫೋಟೋ ತೆಗೆದುಕೊಂಡರು. ನಿಮ್ಮ ಮಗ ಒಂದು ವಾರ ಯಾರಿಗೂ ಮುಖ ತೋರಿಸಲಿಲ್ಲ. ಗ್ರೀಸ್ ಕಂಡರೆ ಮಾರು ದೂರ ಹೋಗುವ ಆ ಮಗನನ್ನು ಬಿಟ್ಟು ನೀವು ನನ್ನನ್ನು ಹಿಡಿದಿರಿ. ಪಕ್ಕದ ರಸ್ತೆಯ ಫ್ಯಾಕ್ಟರಿಯಲ್ಲಿ ಕ್ವಾಲಿಟಿ ಸೆಕ್ಷನ್ನಿನಲ್ಲಿದ್ದ ಸೊಸೆ, ಶನಿವಾರ ಬಂತೆಂದರೆ ಮಾವನ ಜೊತೆ ಕಾರಿನಡಿ ಮಲಗಿ ಟಾರ್ಚ್ ಹಿಡಿಯುವುದು. “ರಬ್ಬರ್ ಬುಷ್ ಬೋಲ್ಟನ್ನ ಕಾರು ಮೇಲೆತ್ತಿದಾಗ ಬಿಗಿ ಮಾಡ್ಬಾರ್ದಮ್ಮ. ಚಕ್ರ ನೆಲಕ್ಕೂರಿ, ಭಾರ ಬಿದ್ದ ಮೇಲೆ ಬಿಗಿ ಮಾಡ್ಬೇಕು. ಇಲ್ಲಾಂದ್ರೆ ಬುಷ್ ತಿರುಚ್ಕೊಂಡು ಬೇಗ ಹರಿದೋಗ್ತದೆ” ಎಂದು ಎಷ್ಟು ಸಲ ಹೇಳಿದ್ದೀರಿ!

ನೀವು ಹೋದ ಮೇಲೆ ಅತ್ತೆಯ ಮರೆವು ಒಮ್ಮೆಗೇ ಜಾಸ್ತಿಯಾಯಿತು. ಸಂಜೆಯಾದರೆ ಹಿಟ್ಟು ನಾದಿಟ್ಟು ಕೂರುತ್ತಿದ್ದರು. “ಅಮ್ಮ, ಅಪ್ಪ ಇಲ್ಲಮ್ಮ” ಎಂದು ನಿಮ್ಮ ಮಗ ಹೇಳಿದರೆ, ಅದೇ ಈಗ ಸುದ್ದಿ ತಿಳಿದವರ ಹಾಗೆ ಎದೆ ಬಡಿದುಕೊಂಡು ಅಳುತ್ತಿದ್ದರು. ಮರುದಿನ ಮತ್ತೆ ಹಿಟ್ಟು, ಮತ್ತೆ ಅದೇ ಪ್ರಶ್ನೆ, ಮತ್ತೆ ಅದೇ ಅಳು. ಒಬ್ಬ ಹೆಂಗಸನ್ನು ಎಷ್ಟು ಸಲ ವಿಧವೆ ಮಾಡುವುದು, ಮಾವ? ನಾವು ಹೇಳುವುದನ್ನೇ ಬಿಟ್ಟೆವು. ಆಗ ಅವರು ಊಟ ಬಿಟ್ಟರು. “ಅವ್ರು ಬರ್ಲಿ, ನನಗೇನು ಅವಸರ” ಎಂದು ತಟ್ಟೆ ಸರಿಸಿಬಿಡುತ್ತಿದ್ದರು.

ಒಂದು ಸಂಜೆ, ಬ್ಯಾಟರಿ ಇಳಿದೀತು ಎಂದು ಕಾರನ್ನು ರಿಂಗ್ ರೋಡಿನವರೆಗೆ ಓಡಿಸಿಕೊಂಡು ಬಂದೆ. ಮೇಲೆ ಬಂದರೆ ಮನೆ ತುಂಬ ರೊಟ್ಟಿಯ ವಾಸನೆ. ಅತ್ತೆ ನನ್ನ ಬೆನ್ನ ಹಿಂದೆ ನೋಡಿ, “ಅವ್ರೆಲ್ಲಿ?” ಎಂದರು. ನನಗೆ ಬಾಯಿಗೆ ಬಂದದ್ದು, “ಕೆಳಗೆ ಯಾರೋ ಸಿಕ್ಕಿದ್ರು, ಮಾತಾಡ್ತಾ ನಿಂತಿದ್ದಾರೆ. ನೀವು ಉಣ್ಬೇಕಂತೆ.” ಯಾವತ್ತೂ ನಿಮಗಿಂತ ಮೊದಲು ಉಣ್ಣದವರು ಅದನ್ನು ನಂಬಿ ಉಂಡರು. ನಂಬದೆ ಏನು, ಬೇಸ್‌ಮೆಂಟಿನಲ್ಲಿ ಸಿಕ್ಕಸಿಕ್ಕವರ ಜೊತೆ ಹರಟುತ್ತ ನಿಲ್ಲುವ ಚಾಳಿ ನಿಮಗೆ ಇದ್ದೇ ಇತ್ತಲ್ಲ. ಅಂದಿನಿಂದ ಫ್ಯಾಕ್ಟರಿ ಬಿಟ್ಟು ಬಂದವಳೇ ನಿಮ್ಮ ಕಾರು ತೆಗೆದು, ಲಗ್ಗೆರೆ ಕಡೆಗೊಂದು ಸುತ್ತು ಹಾಕಿ ಗೇಟಿನೊಳಗೆ ಬರುವುದೇ ನನ್ನ ಕೆಲಸವಾಯಿತು. ಅತ್ತೆಯ ಮುಖ ಮತ್ತೆ ತುಂಬಿಕೊಳ್ಳತೊಡಗಿತು.

ಅಷ್ಟರಲ್ಲಿ ನಿಮ್ಮ ಕಾರಿನ ನೋಂದಣಿ ನವೀಕರಿಸುವ ಸಮಯ ಬಂತು. ಸೈಲೆನ್ಸರ್ ತುಕ್ಕು ತಿಂದು ಓಟೆ. ಮುಂದಿನ ಶಾಕ್ ಅಬ್ಸಾರ್ಬರುಗಳಿಂದ ಎಣ್ಣೆ ಜಿನುಗುತ್ತಿತ್ತು, ಸ್ಪ್ರಿಂಗು ಕುಸಿದು ಕೂತಿತ್ತು, ಬುಷ್‌ಗಳು ಹರಿದಿದ್ದವು. ರಿಪೇರಿಯಾಗದೆ ಆರ್‌ಟಿಒ ಪರೀಕ್ಷೆಯಲ್ಲಿ ಪಾಸಾಗುವ ಮಾತೇ ಇಲ್ಲ. ಪಾಸಾಗದಿದ್ದರೆ ಕಾರು ರಸ್ತೆಗಿಳಿಯುವಂತಿಲ್ಲ, ಕಾರು ಇಳಿಯದಿದ್ದರೆ ಮನೆಯಲ್ಲಿ ಹಂಚು ಏರುವುದಿಲ್ಲ. ಪೀಣ್ಯದ ಇಲಿಯಾಸ್ ಭಾಯಿ ಗ್ಯಾರೇಜಿಗೆ ಬಿಟ್ಟೆ. ನೀವು ಆಸೆಪಟ್ಟಿದ್ದನ್ನೆಲ್ಲ ಮಾಡಿಸಿದೆ. ತುಕ್ಕು ಹಿಡಿಯದ ಸ್ಟೀಲಿನ ಸೈಲೆನ್ಸರ್, ಹೊಸ ಶಾಕ್ಸ್, ಹೊಸ ಸ್ಪ್ರಿಂಗ್, ಕೆಳಗಿನ ಬಾಲ್ ಜಾಯಿಂಟು, ಲಿಂಕ್ ರಾಡು, ಬುಷ್ಷು ಎಲ್ಲ. ಬುಷ್ ಬೋಲ್ಟುಗಳನ್ನು ಚಕ್ರ ನೆಲಕ್ಕೂರಿದ ಮೇಲೆಯೇ ಬಿಗಿ ಮಾಡಿಸಿದೆ, ಪಕ್ಕದಲ್ಲೇ ನಿಂತು. ಕಾರು ಪಾಸಾಯಿತು. ನಿಮಗೆ ತೋರಿಸಲು ಆಗಲಿಲ್ಲವಲ್ಲ ಎಂದು ದಾರಿಯಲ್ಲಿ ಅತ್ತುಬಿಟ್ಟೆ.

ಆ ಸಂಜೆ ಖುಷಿಯಾಗಿ ಮೇಲೆ ಬಂದೆ. ಹಂಚು ತಣ್ಣಗಿತ್ತು. ಅತ್ತೆ ಕಿಟಕಿಯ ಪಕ್ಕ ಕೂತೇ ಇದ್ದರು. “ಕಾರು ಬಂತಲ್ಲ ಅತ್ತೆ” ಎಂದೆ.

“ಯಾರದೋ ಕಾರು ಬಂತು. ಅವ್ರದಲ್ಲ” ಎಂದರು.

ಮರುದಿನವೂ ಅದೇ. ಸೈಲೆನ್ಸರ್ ಬದಲಾಗಿದ್ದೇ ತಪ್ಪಾಯಿತು ಎಂದುಕೊಂಡು ಇಲಿಯಾಸ್ ಭಾಯಿ ಹತ್ತಿರ ಓಡಿದೆ. ಅವರಿಗೆ ನಗು ತಡೆಯಲಾಗಲಿಲ್ಲ. “ಎಲ್ರೂ ಹೊಸ ಸೌಂಡ್ ಬೇಕು ಅಂತ ಬರ್ತಾರೆ ಮೇಡಂ, ನೀವು ಓಟೆ ಸೈಲೆನ್ಸರ್ ಸೌಂಡೇ ಬೇಕು ಅಂತೀರಲ್ಲ!” ಹಳೆಯದು ಗುಜರಿಗೆ ಹೋಗಿತ್ತು. ಲಗ್ಗೆರೆಯ ಗುಜರಿ ಅಂಗಡಿಗಳಲ್ಲಿ ಒಂದೊಂದೇ ರಾಶಿ ಕೆದಕಿದೆ. “ಏನು ಹುಡುಕ್ತಿದ್ದೀರ ಅಕ್ಕ, ಚಿನ್ನ ಬಿತ್ತಾ?” ಎಂದು ಕೇಳಿದವರಿಗೆ ಏನು ಹೇಳಲಿ? ಕೊನೆಗೂ ಸಿಕ್ಕಿತು. ಅದನ್ನೇ ಮತ್ತೆ ಕೂರಿಸಿಕೊಂಡು, ಅಕ್ಕಪಕ್ಕದವರ ಬೈಗುಳ ತಿನ್ನುತ್ತ, ಗುಡುಗಿಸಿಕೊಂಡು ಬಂದೆ. ಅತ್ತೆ ಕತ್ತನ್ನೂ ತಿರುಗಿಸಲಿಲ್ಲ.

ಆ ದಿನಗಳನ್ನು ಹೇಗೆ ಬರೆಯಲಿ... ಚಮಚದಲ್ಲಿ ಹಾಲು ಕುಡಿಸಿದರೆ ಅರ್ಧ ಗದ್ದದ ಮೇಲೆ. ತುಟಿ ಬಿಗಿ ಹಿಡಿದು, ಹಟ ಮಾಡುವ ಮಗುವಿನ ಹಾಗೆ ಗೋಡೆಯ ಕಡೆ ತಿರುಗಿಕೊಳ್ಳುತ್ತಿದ್ದರು. ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಡಾಕ್ಟರು ಮೂಗಿನಿಂದ ನಳಿಕೆ ಹಾಕುವ ಮಾತೆತ್ತಿದರು. ನಾನೂ ನಿಮ್ಮ ಮಗನೂ ಅಡುಗೆಮನೆಯಲ್ಲಿ ನಿಂತು ಕಿತ್ತಾಡಿದೆವು. “ಅಮ್ಮಂಗೆ ಇನ್ನೂ ಎಷ್ಟು ದಿನ ಸುಳ್ಳು ಹೇಳ್ತೀಯ ಶೈಲಾ? ಆ ಕಾರು ಮಾರಿ ಹಾಕೋಣ, ಸಾಕು” ಎಂದರು. “ಸುಳ್ಳು ತಿಂದಾದ್ರೂ ಬದುಕ್ಲಿ ಬಿಡ್ರೀ! ನಿಮ್ ನಿಜ ತಿಂದು ಹೊಟ್ಟೆ ತುಂಬುತ್ತಾ?” ಎಂದು ಕಿರುಚಿದೆ. ಅತ್ತೆಗೆ ಕೇಳಿಸಿತೋ ಏನೋ ಗೊತ್ತಿಲ್ಲ. ಅವರು ಕಿಟಕಿಯ ಕಡೆಯೇ ನೋಡುತ್ತಿದ್ದರು.

ಜಗಳವಾದ ಮರುದಿನ ನಿಮ್ಮ ಮಗನೇ ಬಂದು, “ಕೀ ಕೊಡು, ಇವತ್ತು ನಾನು ಓಡಿಸ್ತೀನಿ” ಎಂದರು. ಹಾಗಾಗಿ ಅಂದು ನಾನು ಅಡುಗೆಮನೆಯಲ್ಲಿ ಅತ್ತೆಯ ಪಕ್ಕ ನಿಂತಿದ್ದೆ. ನೀವು ಹೋದ ಮೇಲೆ ಕಾರು ಬರುವ ಹೊತ್ತಿಗೆ ನಾನು ಅಲ್ಲಿದ್ದದ್ದು ಅದೇ ಮೊದಲ ಸಲ. ಇಷ್ಟು ದಿನ ನಾನು ಕಾರಿನೊಳಗೇ ಕೂತು ಸದ್ದು ಕೇಳಿದ್ದೆನೇ ಹೊರತು ಈ ಕಿಟಕಿಯಿಂದಲ್ಲ. ಪಕ್ಕದ ಮನೆಯ ಕುಕ್ಕರು, ಜನರೇಟರು, ರಸ್ತೆಯ ಲಾರಿಗಳು. ನಾವು ಅಷ್ಟು ತಲೆ ಕೆಡಿಸಿಕೊಂಡ ಸೈಲೆನ್ಸರಿನ ಗುಡುಗು ಆ ಗಲಾಟೆಯಲ್ಲಿ ಇನ್ನೊಂದು ಲಾರಿಯ ಹಾಗೆ ಕೇಳಿಸಿತು, ಅಷ್ಟೇ. ವಾಚ್‌ಮನ್ ಗೇಟು ತೆಗೆದ. ಇದಾದ ಮೇಲೆ ಏನೋ ಒಂದು ಆಗಬೇಕಿತ್ತಲ್ಲ ಎನಿಸಿತು. ಏನದು?

ಆಮೇಲೆ ಹೊಳೆಯಿತು. ಗೇಟಿನ ಹಂಪು, ಆ ಸಿಮೆಂಟಿನ ಉಬ್ಬು! ಸ್ಪ್ರಿಂಗ್ ಕುಸಿದಿದ್ದರಿಂದ ನಿಮ್ಮ ಕಾರಿನ ಹೊಟ್ಟೆ ಆ ಹಂಪಿಗೆ ಉಜ್ಜುತ್ತಿತ್ತು. ಅದಕ್ಕೇ ನೀವು ಓರೆಯಾಗಿ ತಿರುಗಿಸಿ, ಒಂದೊಂದೇ ಚಕ್ರ ಹತ್ತಿಸಿ ಇಳಿಸುತ್ತಿದ್ದಿರಿ. ಚಕ್ರ ಹತ್ತಿದಾಗೊಂದು ಟಕ್, ಇಳಿದಾಗೊಂದು ಟಕ್. ಗೋಡೆಗೆ ಮೊಳೆ ಹೊಡೆದ ಹಾಗಿದ್ದ ಆ ಸದ್ದು ಉಳಿದೆಲ್ಲ ಸದ್ದುಗಳ ನಡುವೆಯೂ ನಮ್ಮ ಎರಡನೇ ಮಹಡಿಗೆ ನೇರವಾಗಿ ಬರುತ್ತಿತ್ತು. ನಾನೂ ಕಾರಿನಡಿ ಉಜ್ಜೀತು ಎಂದು ಹಾಗೇ ಓರೆಯಾಗಿ ದಾಟುತ್ತಿದ್ದೆ. ಹೊಸ ಸ್ಪ್ರಿಂಗ್ ಬಂದು ಕಾರು ಎತ್ತರವಾದ ದಿನದಿಂದ ಜಂಬದಲ್ಲಿ ನೇರವಾಗಿ ದಾಟಿಸುತ್ತಿದ್ದೆ. ಅತ್ತೆ ಕಿವಿಗೊಟ್ಟು ಕೂತಿದ್ದು ಆ ಟಕ್ಕಿಗೆ. ನಿಮ್ಮ ಕಾರಿನಲ್ಲಿ ಕೆಟ್ಟಿದ್ದುದನ್ನೆಲ್ಲ ಸರಿ ಮಾಡಿಸಿ ನಾನು ಅವರ ಗಂಡನನ್ನೇ ಮನೆಗೆ ಬಾರದಂತೆ ಮಾಡಿದ್ದೆ.

ಕೆಳಗೆ ಓಡಿದೆ. ನಿಮ್ಮ ಮಗನನ್ನು ರಿವರ್ಸ್ ತೆಗೆಸಿ ಓರೆಯಾಗಿ ಬರಹೇಳಿದೆ. ಬಂದರು. ಸದ್ದಿಲ್ಲ. ಹೊಸ ಜೋಡಣೆ, ಬೆಣ್ಣೆಯ ಹಾಗೆ ದಾಟಿತು. ನಾನು ಹಂಪಿನ ಪಕ್ಕದಲ್ಲೇ ಕುಸಿದು ಕೂತು ಅತ್ತುಬಿಟ್ಟೆ, ಮಾವ. ವಾಚ್‌ಮನ್ ನೀರು ತಂದುಕೊಟ್ಟ.

ಮರುದಿನ ಇಲಿಯಾಸ್ ಭಾಯಿಗೆ ಎಲ್ಲ ಬಿಡಿಸಿ ಹೇಳಿದೆ. ಈ ಸಲ ಅವರು ನಗಲಿಲ್ಲ. “ಹಳೇ ಬಾಲ್ ಜಾಯಿಂಟ್ ಮಾತ್ರ ಕೇಳ್ಬೇಡಿ ಮೇಡಂ, ಚಕ್ರ ಕಳಚ್ಕೊಂಡ್ರೆ ಮನೆಗೆ ನೀವೂ ಬರಲ್ಲ. ಹಳೇ ಲಿಂಕ್ ರಾಡ್ ಬೇಕಾದ್ರೆ ಹಾಕ್ಕೊಡ್ತೀನಿ. ಒಂದ್ ಚಕ್ರ ಎದ್ದು ಇನ್ನೊಂದು ಏಳ್ದೇ ಇದ್ದಾಗ ಬಡ್ಕೊಳ್ಳೋದೇ ಅದು. ಬಾಯಿ ಮಾಡುತ್ತೆ, ಕಚ್ಚಲ್ಲ” ಎಂದು, ಬಿಚ್ಚಿ ಬಿಸಾಕಿದ ಲಿಂಕ್ ರಾಡುಗಳಿದ್ದ ಡ್ರಮ್ಮನ್ನು ನನ್ನ ಮುಂದೆ ಎಳೆದಿಟ್ಟರು. ಕೂದಲೆಳೆಯಷ್ಟು ಸಡಿಲವಿದ್ದರೂ ದಿನವಿಡೀ ಪಾರ್ಟ್ ರಿಜೆಕ್ಟ್ ಮಾಡುವ ಕೈ ಇದು. ಅಂದು ನೆಲದ ಮೇಲೆ ಕೂತು, ನಿಮ್ಮ ಕಾರಿಗೆ ಹೊಂದುವ ರಾಡುಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಎಲ್ಲಕ್ಕಿಂತ ಹೆಚ್ಚು ಸವೆದಿದ್ದ ಎರಡನ್ನು ಆರಿಸಿಕೊಂಡೆ. ಸೈಲೆನ್ಸರ್ ಮಾತ್ರ ಹೊಸದನ್ನೇ ಹಾಕಿಸಿದೆ. ಅದಕ್ಕೂ ಅತ್ತೆಗೂ ಸಂಬಂಧವೇ ಇರಲಿಲ್ಲವಲ್ಲ.

ಇಂದು ಸಂಜೆ ಗೇಟಿನ ಹತ್ತಿರ ಬಂದು ವೇಗ ತಗ್ಗಿಸಿದೆ. ಇದೂ ಆಗದಿದ್ದರೆ ನಾಳೆ ನಳಿಕೆಯೇ. ಓರೆಯಾಗಿ ತಿರುಗಿಸಿದೆ. ಟಕ್. ಎರಡನೇ ಚಕ್ರ, ಮತ್ತೆ ಟಕ್. ಕಾರನ್ನು ಅಡ್ಡಾದಿಡ್ಡಿ ನಿಲ್ಲಿಸಿ, ಲಿಫ್ಟಿಗೂ ಕಾಯದೆ ಮೆಟ್ಟಿಲು ಹತ್ತಿದೆ. ಬಾಗಿಲು ತೆಗೆಯುವ ಮೊದಲೇ ಹಿಟ್ಟು ಬಡಿಯುವ ಸದ್ದು ಕೇಳಿಸಿತು. ಕೈಯಲ್ಲಿ ಶಕ್ತಿಯಿಲ್ಲ, ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ಹರಿದಿತ್ತು. ಆದರೂ ಬಡಿಯುತ್ತಿದ್ದರು. ನಿಮ್ಮ ಮಗ ಬಾಗಿಲ ಮರೆಯಲ್ಲಿ ನಿಂತು ಅಳುತ್ತಿದ್ದರು. ಅತ್ತೆ ಅರ್ಧ ರೊಟ್ಟಿ ಉಂಡರು, ಮಾವ. ಚಟ್ನಿ ಹಾಕಿಸಿಕೊಂಡು ಉಂಡರು.

ಇದು ಸಂತೋಷದ ಸುದ್ದಿ, ಇಲ್ಲಿಗೇ ಮುಗಿಸಬಹುದಿತ್ತು. ಆದರೆ ಉಣ್ಣುತ್ತ ಉಣ್ಣುತ್ತ ಅತ್ತೆ ನನ್ನ ಕೈ ಹಿಡಿದು, ದನಿ ತಗ್ಗಿಸಿ ಒಂದು ಮಾತು ಹೇಳಿದರು. ಅದನ್ನು ನಿಮಗೆ ಮುಟ್ಟಿಸಬೇಕು. ಮುಟ್ಟಿಸಲು ಬೇರೆ ದಾರಿಯಿಲ್ಲದೆ ಈ ಕಾಗದ.

“ಕೆಳಗೋದಾಗ ಅವ್ರಿಗೊಂದ್ ಮಾತು ಹೇಳವ್ವ. ಒಂದ್ ಸಲ ನನ್ನೂ ಆ ಕಾರ್ನಾಗೆ ಕರ್ಕೊಂಡ್ ಹೋಗ್ಲಿ. ಊರೋರ್ನೆಲ್ಲ ಕೂರಿಸ್ಕೊಂಡ್ ತಿರುಗ್ತಾರೆ.”

“ನಿಮಗೆ ಅದ್ರಲ್ಲಿ ಕೂರೋದು ಇಷ್ಟ ಇಲ್ಲ ಅಂತ ಮಾವ ಹೇಳ್ತಿದ್ರಲ್ಲ ಅತ್ತೆ?” ಎಂದೆ.

“ಕೇಳಿದ್ರೆ ತಾನೆ ಗೊತ್ತಾಗೋದು? ಕೇಳೇ ಇಲ್ಲ ಅವ್ರು.”

ಸೀಟು ತಗ್ಗು, ಅವಳಿಗೆ ಹತ್ತಿ ಇಳಿಯಲು ಕಷ್ಟ, ಅವಳಿಗೆ ಬೇಡ ಎಂದು ನೀವೇ ತೀರ್ಮಾನ ಮಾಡಿಬಿಟ್ಟಿದ್ದಿರಿ, ಅಲ್ಲವೇ? ಮದುವೆ ಮುಂಜಿಗೆಲ್ಲ ಅವರು ಆಟೋದಲ್ಲಿ, ಮಗನ ಕಾರಿನಲ್ಲಿ. ನಾನೂ ಯಾವತ್ತೂ ಕೇಳಲಿಲ್ಲ. ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ ತಿಳಿಯದು, ಈಗ ಭಯ ಒಂದೇ ಉಳಿದಿದೆ. ಪಕ್ಕದ ಸೀಟಿನಲ್ಲಿ ಕೂತವರಿಗೆ ಓಡಿಸುವವರು ಯಾರೆಂದು ಕಾಣದೆ ಇರುತ್ತದೆಯೇ? ಕಂಡ ಮೇಲೆ ಸಂಜೆಯ ಟಕ್ಕಿಗೆ ಅವರು ಮತ್ತೆ ಹಂಚಿಡುತ್ತಾರೆಯೇ? ನಿಮ್ಮ ಮಗ ಬೇಡ ಎನ್ನುತ್ತಾರೆ. ಅತ್ತೆ ನಾಳೆಗೆ ಇದನ್ನು ಮರೆತೂ ಬಿಡಬಹುದು, ಸುಮ್ಮನಿದ್ದರಾಯಿತು ಎನ್ನುತ್ತಾರೆ.

ಸುಮ್ಮನಿರಲು ನನ್ನಿಂದಾಗಲಿಲ್ಲ. ಕೆಳಗೆ ಹೋಗಿ ಬಂದವಳ ಹಾಗೆ ಬಾಗಿಲ ತನಕ ಹೋಗಿ ಬಂದೆ. “ಹೂಂ ಅಂದ್ರು ಅತ್ತೆ. ನಾಳೆ ಬೆಳಿಗ್ಗೆಯಂತೆ” ಎಂದೆ. ಅವರು ನಾಚಿಕೊಂಡರು. ನಿಮ್ಮ ಹೆಂಡತಿ ನಾಚಿಕೊಂಡಿದ್ದನ್ನು ನಾನು ಮೊದಲ ಸಲ ನೋಡಿದೆ. ಈಗ ಕೋಣೆಯಲ್ಲಿ ಬೀರು ತೆಗೆದು ಕೂತಿದ್ದಾರೆ, ಒಂದು ಸೀರೆ ತೆಗೆದು ಮಡಿಲಲ್ಲಿಟ್ಟುಕೊಂಡು, ಅದನ್ನು ಬಿಟ್ಟು ಇನ್ನೊಂದು ತೆಗೆಯುತ್ತಿದ್ದಾರೆ.

ನಾಳೆ ನಾನು ಕರೆದುಕೊಂಡು ಹೋಗುತ್ತೇನೆ, ಮಾವ. ಏನಾದರೂ ಆಗಲಿ. ಸಂಜೆ ಅವರು ಉಣ್ಣದಿದ್ದರೆ ಅದನ್ನೂ ನಿಮಗೇ ಬರೆಯುತ್ತೇನೆ. ಈಗ ಒಳಗಿನಿಂದ ಕರೆಯುತ್ತಿದ್ದಾರೆ, ನಿಮಗೆ ಯಾವ ಸೀರೆ ಇಷ್ಟ ಎಂದು ಕೇಳುತ್ತಿದ್ದಾರೆ. ನಾನು ಏನು ಹೇಳಲಿ?

ನಿಮ್ಮ ಸೊಸೆ,
ಶೈಲಾ