ನಿನ್ನ ಸರದಿಯನ್ನು ನಾನು ಕಿತ್ತುಕೊಂಡೆ

ತಂಗೀ,

ಚೆನ್ನಾಗಿದ್ದೀಯಾ ಎಂದು ಕೇಳುವ ಮುಖ ನನಗಿಲ್ಲ. ಆದರೂ ಕೇಳುತ್ತಿದ್ದೇನೆ. ನಾಲ್ಕನೇ ತರಗತಿಗೇ ಪಾಟಿ ಬಿಸಾಡಿ ಬಂದವಳ ಅಕ್ಷರ ಇದು. ಓದಲಾಗದಿದ್ದರೆ ಬೈದುಕೋ, ಆದರೆ ಹರಿದು ಹಾಕಬೇಡ. ಫೋನ್ ಮಾಡಬಹುದಿತ್ತು. ಮಾಡಿದರೆ ನಾನೊಬ್ಬಳೇ ಮಾತಾಡುತ್ತೇನೆ, ನಿನಗೆ ಬಾಯಿ ತೆರೆಯಲು ಬಿಡುವುದಿಲ್ಲ. ಅದು ನಮ್ಮಿಬ್ಬರಿಗೂ ಗೊತ್ತಿರುವುದೇ.

ನೀನು ಲಾಂಡ್ರಿ ಬಿಟ್ಟು ಹೋದ ಮೇಲೆ ಅಲ್ಲಿ ಏನಾಯಿತೆಂದು ಯಾರೂ ನಿನಗೆ ಹೇಳಿರಲಾರರು. ಮೊನ್ನೆಯ ಸಭೆಯಲ್ಲಿ ಬಾಯ್ಲರ್ ಮಾವ ಎದ್ದು ನಿಂತು, ತಿಂಗಳಿಗೊಬ್ಬರ ಸರದಿ ಇನ್ನು ಸಾಕು, ಅಕ್ಕನೇ ಕಾಯಂ ಆಗಿ ಎಲ್ಲ ನೋಡಿಕೊಳ್ಳಲಿ ಎಂದ. ಎಲ್ಲರ ಕೈಯೂ ಮೇಲೆದ್ದಿತು. ಯಾರೂ ಬಲವಂತ ಮಾಡಲಿಲ್ಲ. ಬರುವ ಶನಿವಾರದ ಸಭೆಯಲ್ಲಿ ಅದು ಪಕ್ಕಾ ಆಗುತ್ತದೆ. ನಮ್ಮ ನಿಯಮ ನಿನಗೆ ನೆನಪಿದೆ, ಒಬ್ಬರು ಬೇಡ ಎಂದರೂ ಯಾವುದೂ ಆಗುವಂತಿಲ್ಲ. ನಾನು ಅಲ್ಲೇ ಬೇಡ ಅನ್ನಬೇಕಿತ್ತು. ಯೋಚನೆ ಮಾಡ್ತೀನಿ ಎಂದು ಎದ್ದು ಬಂದೆ. ನಿಜ ಹೇಳಲೇ? ಒಳಗೊಳಗೇ ಹಿಗ್ಗಿದ್ದೆ. ರಸ್ತೆಯ ತಿರುವಿನವರೆಗೂ ಆ ಹಿಗ್ಗು ಇತ್ತು. ಅಲ್ಲಿ ನಿನ್ನ ನೆನಪಾಯಿತು.

ಅಪ್ಪ ದುಡಿದ ಗಿರಣಿಯ ಕಥೆಯನ್ನು ನಾವು ಎಷ್ಟು ಸಲ ಕೇಳಿಲ್ಲ! ಮೊದಲು ಅದು ಸಾಹುಕಾರನದಾಗಿತ್ತು. ಆಮೇಲೆ ಸರ್ಕಾರ ಬಂದು ಇನ್ನು ಇದು ಕೆಲಸಗಾರರದು ಎಂದಿತು. ಗೋಡೆಯ ಮೇಲಿನ ಪಟ ಬದಲಾಯಿತು, ಮೇಸ್ತ್ರಿ ಮಾತ್ರ ಹಳಬನೇ, ಬೈಗುಳವೂ ಹಳೆಯದೇ ಎಂದು ಅಪ್ಪ ನಗುತ್ತಿದ್ದ. ಹಾಗಾಗಿ ನಮ್ಮ ಲಾಂಡ್ರಿಯ ಯಜಮಾನ ಸಾಲಗಾರರಿಗೆ ಹೆದರಿ ಓಡಿಹೋದ ದಿನ, ಒದ್ದೆ ನೆಲದ ಮೇಲೆ ಬಕೆಟ್ಟುಗಳನ್ನು ಬೋರಲು ಹಾಕಿಕೊಂಡು ಕೂತವರಲ್ಲಿ ಯಾರೂ ಹೊಸ ಯಜಮಾನನನ್ನು ಹುಡುಕೋಣ ಎನ್ನಲಿಲ್ಲ. ಸರ್ಕಾರಕ್ಕೆ ಅರ್ಜಿ ಹಾಕೋಣ ಎಂದೂ ಅನ್ನಲಿಲ್ಲ. ನಾವೇ ನಡೆಸೋಣ ಎಂದರು. ಯಾರಾದರೂ ಒಬ್ಬರು ಮುಂದೆ ನಿಲ್ಲಲಿ ಎಂದು ನಾನು ಹೇಳಿದೆ. ಆಗ ನೀನು ನಿಧಾನವಾಗಿ ಅಂದೆ: "ಒಬ್ರೇ ನಿಂತ್ರೆ ಆಮೇಲೆ ಅವ್ರೇ ಯಜಮಾನ್ರಾಗ್ತಾರೆ ಅಕ್ಕ. ಎಲ್ರೂ ಒಂದೊಂದು ತಿಂಗಳು ನಿಲ್ಲೋಣ. ಕೆಲಸ ಬರದೇ ಇದ್ದೋರು ಕಲ್ತ್ಕೋತಾರೆ." ಲಾಂಡ್ರಿ ಇಷ್ಟು ವರ್ಷ ನಡೆದದ್ದು ಆ ಮಾತಿನ ಮೇಲೆ.

ಅದನ್ನು ಹೇಳಿದವಳ ಸರದಿಯನ್ನೇ ನಾನು ತಿಂದುಹಾಕಿದೆ. ನಿನ್ನ ತಿಂಗಳು ಬಂದಾಗ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಫೋನ್ ಬಂದರೆ ನೀನು ಕೈ ಒರೆಸಿಕೊಂಡು, ಉಸಿರೆಳೆದುಕೊಂಡು, ಹಲೋ ಎನ್ನುವಷ್ಟರಲ್ಲಿ ನಾನು ಅದನ್ನು ನಿನ್ನ ಕೈಯಿಂದ ಕಸಿದಿರುತ್ತಿದ್ದೆ. ತಂಗಿಗೆ ಕಷ್ಟವಾಗಬಾರದು ಅಂತ ಮಾಡಿದೆ ಎಂದು ಊರೆಲ್ಲ ಹೇಳಿಕೊಂಡು ಬಂದೆ. ಸುಳ್ಳು. ನನಗೆ ತಾಳ್ಮೆ ಇರಲಿಲ್ಲ, ಅಷ್ಟೇ.

ಆಸ್ಪತ್ರೆಯವನು ಬಂದ ದಿನವೂ ಅದೇ ಆಯಿತು. ಎರಡರಷ್ಟು ಹಾಸಿಗೆ ಬಟ್ಟೆ ಕಳಿಸುತ್ತೇನೆ, ಸಂಜೆಯೂ ಕೆಲಸ ಮಾಡುತ್ತೀರಾ ಎಂದು ನಿನ್ನನ್ನು ಕೇಳಿದ. ನೀನು ಸುಮ್ಮನಿದ್ದೆ. ಉತ್ತರ ಹೊಳೆಯದೆ ನಿಂತಿದ್ದೀಯ ಎಂದುಕೊಂಡು ನಾನು ಹಿಂದಿನಿಂದ, ಆಗುತ್ತೆ, ಕಳಿಸಿ ಎಂದು ಕೂಗಿದೆ. ನೀನು ನಮ್ಮೆಲ್ಲರ ಮುಖವನ್ನು ಒಂದೊಂದಾಗಿ ನೋಡುತ್ತಿದ್ದೆ ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ. ಹೊಲಿಗೆಯವಳಿಗೆ ಹಾಲು ಕುಡಿಯುವ ಮಗುವಿತ್ತು. ಸಂಜೆ ನಿಲ್ಲಲು ಆಗುತ್ತದೋ ಎಂದು ಅವಳನ್ನು ಕೇಳಿದವರಿಲ್ಲ. ಅವಳು ನಿಂತಳು. ಎದೆಯ ಹಾಲು ರವಿಕೆಗೆ ಇಳಿಯುತ್ತಿದ್ದರೂ ಗೋಡೆಯ ಕಡೆ ತಿರುಗಿಕೊಂಡು ಹರಿದ ದಿಂಬಿನ ಚೀಲ ಹೊಲಿಯುತ್ತಿದ್ದಳು. ನನಗೆ ಒಂದು ಮಾತೂ ಹೇಳಲಿಲ್ಲ. ಹೇಳುವ ಧೈರ್ಯ ಎಲ್ಲಿಂದ ಬರಬೇಕು?

ಕೊನೆಗೊಂದು ದಿನ ಬಟ್ಟೆ ಬದಲಿಸುವ ಕೋಣೆಯಲ್ಲಿ ನೀನು ಗಂಟು ಕಟ್ಟುತ್ತಿದ್ದೆ. ಎದುರು ಬೀದಿಯ ಸಾಹುಕಾರನ ಲಾಂಡ್ರಿಗೆ ಹೋಗ್ತೀನಿ ಎಂದೆ ನೀನು. ನಾಚಿಕೆ ಇಲ್ವಾ ಎಂದು ನಾನು ಕೇಳಿದ್ದಕ್ಕೆ, ನೀನು ದನಿ ಏರಿಸದೆ ಅಂದೆ: "ಅಲ್ಲಿ ಬೈಯೋಕೆ ಅಂತ ಒಬ್ಬನ್ನ ಸಂಬಳ ಕೊಟ್ಟು ಇಟ್ಕೊಂಡಿದಾರೆ. ನೀನು ಬಿಟ್ಟಿಯಾಗಿ ಬೈತೀಯ. ಅವನ್ನಾದ್ರೆ ಮನಸ್ಸಿಟ್ಟು ದ್ವೇಷ ಮಾಡ್ಬಹುದು ಅಕ್ಕ." ಹೋಗು, ಅವನಿಗೇ ಸಲಾಂ ಹೊಡ್ಕೊಂಡು ಬಿದ್ದಿರು ಎಂದು ನಾನು ಬಾಗಿಲು ತೋರಿಸಿದೆ. ಒಡಹುಟ್ಟಿದವಳಿಗೆ ಆಡುವ ಮಾತೇ ಅದು?

ನೀನು ಹೋದ ಮೇಲೆ ಎಲ್ಲರ ಸರದಿಯೂ ನನ್ನದೇ ಆಯಿತು. ಯಾರಿಗೂ ಏನೂ ಹೊಳೆಯುವುದಿಲ್ಲ ಈಗ. ತಲೆ ನರೆಯುವವರೆಗೂ ಅದೇ ಕೆಲಸ ಮಾಡಿದವನು ಬಂದು, ಅಕ್ಕಾ, ಸೋಪಿನ ಪುಡಿ ಎಷ್ಟು ಹಾಕ್ಲಿ ಎಂದು ಕೇಳುತ್ತಾನೆ. ಕೈಯಳತೆ ಮರೆತಿರಲಾರ. ತಪ್ಪಿದರೆ ನನ್ನ ಬಾಯಿಗೆ ಬೀಳಬೇಕಲ್ಲ, ಅದಕ್ಕೆ. ಬಾಯ್ಲರ್ ಮಾವ ಬೇರೆ, ನಮ್ಮಲ್ಲಿ ದೊರೆ ಇಲ್ಲ, ದೊರೆಸಾನಿ ಮಾತ್ರ ಇದಾಳೆ ಎಂದು ಚಟಾಕಿ ಹಾರಿಸಿದ. ನಾನೂ ನಕ್ಕೆ. ಮೊನ್ನೆ ಇಸ್ತ್ರಿ ಕೋಣೆಯಲ್ಲಿ ಏನೋ ನಗು ಕೇಳಿಸಿತು, ನಾನೂ ಸೇರಿಕೊಳ್ಳೋಣ ಎಂದು ಹೋದೆ. ಬಾಗಿಲಲ್ಲಿ ನನ್ನ ಚಪ್ಪಲಿ ಸದ್ದಾಯಿತು, ಎಲ್ಲರೂ ತಲೆ ತಗ್ಗಿಸಿ ಇಸ್ತ್ರಿ ಒತ್ತತೊಡಗಿದರು. ಓಡಿಹೋದ ಯಜಮಾನ ಬಂದಾಗ ನಾವು ಮಾಡುತ್ತಿದ್ದದ್ದೂ ಅದೇ ಅಲ್ಲವೇ? ಅವನು ಹಣ ಕೊಟ್ಟು ಯಜಮಾನನಾಗಿದ್ದ. ಅಪ್ಪನ ಮೇಸ್ತ್ರಿಯನ್ನು ಮೇಲಿನವರು ಕೂರಿಸಿದ್ದರು. ನಾನು ಚುರುಕಾಗಿದ್ದೇನೆ ಎಂಬ ಒಂದೇ ಕಾರಣಕ್ಕೆ ಅದೇ ಜಾಗಕ್ಕೆ ಬಂದು ಕೂತಿದ್ದೇನೆ.

ಈ ಕಾಗದ ಶುರುಮಾಡುವಾಗ ಒಂದು ಲೆಕ್ಕಾಚಾರ ಇತ್ತು. ಬಿಟ್ಟು ಹೋದವರಿಗೂ ಒಂದು ವರ್ಷ ಸಭೆಯಲ್ಲಿ ಮಾತಾಡುವ ಹಕ್ಕಿದೆ, ನೀನು ಬಂದು ಬೇಡ ಎಂದುಬಿಟ್ಟರೆ ನಾನು ಪಾರಾಗುತ್ತೇನೆ ಎಂದು. ಇಲ್ಲಿಯವರೆಗೆ ಬರೆದ ಮೇಲೆ ನನ್ನ ಮೇಲೇ ಅಸಹ್ಯವಾಯಿತು. ನನ್ನ ಬಾಯಲ್ಲಿ ಬರಬೇಕಾದ ಮಾತನ್ನೂ ನಿನ್ನ ತಲೆಗೆ ಕಟ್ಟಲು ಹೊರಟಿದ್ದೆ ನೋಡು.

ಬೇಡ ಎಂದು ಶನಿವಾರ ನಾನೇ ಹೇಳುತ್ತೇನೆ. ಮಾವ ಮುನಿಸಿಕೊಳ್ಳುತ್ತಾನೆ. ಸಂಜೆಯ ಕೆಲಸದ ಬಗ್ಗೆ ಮೊದಲು ಹೊಲಿಗೆಯವಳನ್ನು ಕೇಳೋಣ ಎಂದರೆ ಆಸ್ಪತ್ರೆಯವನು ಬೇರೆ ಕಡೆ ಹೋದರೂ ಹೋಗಬಹುದು. ಒಂದಷ್ಟು ದಿನ ಎಲ್ಲ ಎಡವಟ್ಟಾಗುತ್ತದೆ. ನನಗೆ ಬಾಯಿ ಕಡಿಯುತ್ತದೆ. ಕಡಿಯಲಿ.

ನೀನು ಬಾ ಎಂದು ಬರೆಯುವುದಿಲ್ಲ. ನಾನು ಬಾ ಎಂದರೆ ಅದೂ ಅಪ್ಪಣೆಯ ಹಾಗೇ ಕೇಳಿಸುತ್ತದೆ. ಬಂದರೆ, ನೀನು ಮಾತು ಮುಗಿಸುವವರೆಗೂ ಕೂತಿರುತ್ತೇನೆ. ಬಾರದಿದ್ದರೆ ಅದೂ ನಿನ್ನ ತೀರ್ಮಾನ. ಎಲ್ಲೇ ಇರು, ನಿನ್ನ ಮಾತಿಗೆ ಕಾಯುವ ಜನ ನಿನಗೆ ಸಿಗಲಿ. ತಣ್ಣಗಿರು ತಾಯಿ.

ಇಂತಿ,
ಇನ್ನೂ ಬಾಯಿ ಮುಚ್ಚಲು ಕಲಿಯುತ್ತಿರುವ
ನಿನ್ನ ಅಕ್ಕ