ಮಗ್ಗುಲು ತಿರುಗಿಸಿದಾಗ

ಲಕ್ಷ್ಮೇಶ್ವರ
೮ ಫೆಬ್ರುವರಿ ೨೦೨೫

ನನ್ನ ಮುದ್ದು ಗುಲ್ನಾಜ,

ನಿನಗೂ ಮಗಳು ಅಲ್ಫಿಯಾಳಿಗೂ ನಿನ್ನ ಅಕ್ಕ, ಈ ಆಪಾಳ ಸಲಾಂ. ಹಾಸಿಗೆ ಹಿಡಿದಿರುವ ಅಮ್ಮನ ಹಣೆಗೆ ನನ್ನ ಹೆಸರಿನಲ್ಲಿ ಒಂದು ಮುತ್ತು ಕೊಡು. ಫೋನ್ ಬಿಟ್ಟು ಕಾಗದ ಬರೆದಿದ್ದಾಳಲ್ಲ, ಇವಳಿಗೇನು ತಲೆ ಕೆಟ್ಟಿದೆಯೇ ಎಂದು ನಗಬೇಡ. ನಿಮ್ಮ ಮನೆಯ ಫೋನಿನಲ್ಲಿ ಮಾತಾಡಿದರೆ ಅರ್ಧ ಮುಂಡರಗಿಗೆ ಕೇಳಿಸುತ್ತದೆ. ನಾವಿಬ್ಬರೂ ಕನ್ನಡ ಶಾಲೆಗೆ ಹೋಗಿದ್ದು ಇವತ್ತು ಉಪಯೋಗಕ್ಕೆ ಬಂತು. ಈ ಮಾತು ನಿನಗೊಬ್ಬಳಿಗೇ.

ನಿಜಾಮುದ್ದೀನ ಸಾಹುಕಾರರ ಮನೆ ಹೇಗೆ, ಅವರ ಮಗ ಮೊಹಸಿನನಿಗೆ ಅಲ್ಫಿಯಾಳನ್ನು ಕೊಡಬಹುದೇ ಎಂದು ನೀನು ಕೇಳಿದ್ದೆ. ಹುಡುಗನ ಮೇಲೆ ಯಾವ ದೂರೂ ಇಲ್ಲ. ಬಟ್ಟೆ ಅಂಗಡಿಯೂ ಚೆನ್ನಾಗಿ ನಡೆದಿದೆ. ಪ್ರತಿ ಶುಕ್ರವಾರ ಆ ಮನೆಯ ಬಾಗಿಲಲ್ಲಿ ಬಡವರಿಗೆ ಊಟ. ಯಾರು, ಯಾವ ಜಾತಿ ಎಂದು ಕೇಳುವುದಿಲ್ಲ. ಸಾಹುಕಾರರ ಹೆಂಡತಿ ರೇಷ್ಮಾ ತಾನೇ ನಿಂತು ಬಡಿಸುತ್ತಾಳೆ. ಈಮಾನು, ದೇವರ ಮೇಲಿನ ನಂಬಿಕೆ ಅಂದರೆ ಇದು ಎಂದು ಊರೆಲ್ಲ ಹೇಳುತ್ತದೆ, ನಾನೂ ಹೇಳುತ್ತಿದ್ದೆ.

ಹೋದ ಸೋಮವಾರ ಸಾಹುಕಾರರ ತಾಯಿ ತೀರಿಕೊಂಡರು. ಪಾಪ, ಆ ಅಜ್ಜಿ ವರ್ಷದಿಂದ ಹಾಸಿಗೆಯಲ್ಲೇ ಇದ್ದರು. ಕೊನೆಯ ಸ್ನಾನ ಮಾಡಿಸಲು ನನ್ನನ್ನು ಕರೆದರು. ನಮ್ಮ ಓಣಿಯಲ್ಲಿ ಯಾವ ಹೆಂಗಸು ಹೋದರೂ ಈ ಕೆಲಸಕ್ಕೆ ನಾನೇ ಎಂಬುದು ನಿನಗೆ ಗೊತ್ತಿದೆ. ನನಗೆ ಕಲಿಸಿದವಳು ಅಮ್ಮ. ಮೊದಲ ದಿನವೇ ನನ್ನ ಕೈ ಹಿಡಿದು, "ಖಾತುನ, ಸತ್ತವರ ಮೈಮ್ಯಾಲೆ ಏನು ಕಂಡ್ರೂ ಅದು ನಿನ್ನ ಹೊಟ್ಟ್ಯಾಗ ಸಾಯಬೇಕು. ಚಲೋದು ಕಂಡ್ರ ಹೇಳು, ಕೆಟ್ಟದ್ದು ಕಂಡ್ರ ಮುಚ್ಚು. ಅವರಿಗೆ ನಾವು ತೋರಸೂ ಕೊನೀ ದಯಾ ಇದ ಐತಿ" ಎಂದಿದ್ದಳು. ಇವತ್ತಿನವರೆಗೂ ಆ ಮಾತು ಮೀರಿಲ್ಲ.

ಬೋರೆ ಎಲೆ ಹಾಕಿ ಕಾಯಿಸಿದ ನೀರು ತಂದಿಟ್ಟರು. ಮೈಮೇಲೆ ಹೊದಿಕೆ ಹಾಸಿ, ಕೈಗೆ ಬಟ್ಟೆ ಸುತ್ತಿಕೊಂಡು ಅದರಡಿಯಲ್ಲೇ ತೊಳೆಯಬೇಕು. ರೇಷ್ಮಾ ಒಳಗೆ ಬರಲಿಲ್ಲ; ಬಂದವರನ್ನು ಮಾತಾಡಿಸುತ್ತ ಪಡಸಾಲೆಯಲ್ಲೇ ಇದ್ದಳು. ನಾನು ಅಜ್ಜಿಯನ್ನು ಎಡ ಮಗ್ಗುಲಿಗೆ ತಿರುಗಿಸಿದೆ. ಆಮೇಲಿನದನ್ನು ಬರೆಯುವುದಿಲ್ಲ.

ಹೊರಗೆ ಬಂದಾಗ ರೇಷ್ಮಾ ಎಲ್ಲರ ಮುಂದೆ, "ಖಾತುನಬಿ, ನಮ್ಮ ಅತ್ತಿ ಮುಖದಾಗ ಬೆಳಕ ಇತ್ತಲ್ರಿ?" ಎಂದು ಕೇಳಿದಳು. "ಇತ್ತವ್ವಾ" ಎಂದೆ. ಸುಳ್ಳಲ್ಲ, ಮುಖ ಶಾಂತವಾಗಿಯೇ ಇತ್ತು. ಕೂತಿದ್ದ ಹೆಂಗಸರು, "ಇಂಥಾ ಸೊಸಿ ಸಿಗಾಕ ನಸೀಬ ಬೇಕ್ರಿ" ಎಂದು ಕಣ್ಣೊರೆಸಿಕೊಂಡರು. ನಾನು ಚಹಾ ಕೂಡ ಕುಡಿಯದೆ ಎದ್ದು ಬಂದೆ.

ಅವತ್ತಿನಿಂದ ಊಟ ಸೇರುತ್ತಿಲ್ಲ. ನಮಾಜಿಗೆ ಕೂತರೂ ಆ ಅಜ್ಜಿಯೇ ಕಣ್ಣ ಮುಂದೆ. ಬಾಯಿ ಬಿಟ್ಟರೆ ಅವರಿಗೆ ದ್ರೋಹ. ತನ್ನ ಮೈಯ ಸುದ್ದಿ ಊರ ಬಾಯಿಗೆ ಬೀಳಲಿ ಎಂದು ಯಾವ ಹೆಂಗಸು ಬಯಸುತ್ತಾಳೆ? ಮುಚ್ಚಿಟ್ಟರೆ ನಮ್ಮ ಅಲ್ಫಿಯಾಳ ಗತಿ? ಜ್ವರ ಬಂದರೂ ಒಂದು ಲೋಟ ನೀರು ಕೇಳುವವಳಲ್ಲ ಅದು. ಯಾರಾದರೂ ಮುಖ ನೋಡಿ ತಿಳಿದು ಕೊಡಬೇಕು. ಆ ಮನೆಯಲ್ಲಿ ಬಾಗಿಲಿಗೆ ಬಂದವರನ್ನು ನೋಡುತ್ತಾರೆ. ಒಳಗಿನ ಕೋಣೆಯಲ್ಲಿ ಮಲಗಿದವರ ಹತ್ತಿರ ಯಾರೂ ಹೋಗುವುದಿಲ್ಲ. ಇಷ್ಟು ಬರೆದದ್ದೇ ಹೆಚ್ಚಾಯಿತು.

ಕೊಡಬೇಡ, ಗುಲ್ನಾಜ. ಕಾರಣ ಕೇಳಬೇಡ. ನಿನ್ನ ಯಜಮಾನರು ಸಿಟ್ಟಾದರೆ, ಆಪಾಗೆ ಹೊಟ್ಟೆಕಿಚ್ಚು ಎಂದು ನನ್ನ ಮೇಲೆ ಹಾಕು, ಹೊರುತ್ತೇನೆ. ಅಮ್ಮನಿಗೆ ಮಾತ್ರ ಈ ಕಾಗದ ಓದಿ ಹೇಳಬೇಡ. ಕಲಿಸಿದವಳು ಅವಳು, ಎಲ್ಲ ತಿಳಿದುಬಿಡುತ್ತದೆ.

ನಿನ್ನ ಆಪಾ,
ಖಾತುನಬಿ

ತಾ.ಕ.: ಅಮ್ಮನನ್ನು ಬರೀ ಬೆನ್ನ ಮೇಲೆ ಮಲಗಿಸಬೇಡ. ಆಗಾಗ ಮಗ್ಗುಲು ಬದಲಿಸು. ಬೆನ್ನು, ಸೊಂಟ ದಿನಾ ನೀನೇ ನೋಡು, ಬೇರೆಯವರಿಗೆ ಬಿಡಬೇಡ. ಎಲ್ಲಾದರೂ ಕೆಂಪಾಗಿದ್ದರೆ ಅವತ್ತೇ ಡಾಕ್ಟರನ್ನು ಕರೆಸು. ಹುಣ್ಣಿಗೆ ಬಟ್ಟೆ ಅಂಟಿಕೊಂಡಿದ್ದರೆ ಎಳೆಯಬಾರದು. ಬೆಚ್ಚಗಿನ ನೀರು ಹಾಕಿ, ನೆನೆಸಿ, ಮೆಲ್ಲಗೆ ಬಿಡಿಸಬೇಕು. ಸೋಮವಾರ ನಾನು ಹಾಗೇ ಬಿಡಿಸಿದೆ.